ನೀರಿನ ಸುರಕ್ಷಾ ಯೋಜನೆ ಎಷ್ಟು ಮುಂದೆ ಹೋಗಿದೆ? ಕೊನೆಯ ನಲ್ಲಿಯಲ್ಲಿ ನೋಡಿ

ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ಒಂದು ಊರಿಗೆ ಹೋಗಿದ್ದೆ. ಕುಡಿಯುವ ನೀರಿನ ಸುರಕ್ಷಾ ಯೋಜನೆಯ ಫೈಲ್ ದಪ್ಪಗಿತ್ತು. ನಕ್ಷೆ, ಸಭೆಯ ನಡಾವಳಿ, ತರಬೇತಿಯ ಫೋಟೊ ಎಲ್ಲವೂ ಇದ್ದವು. ರೋಗಾಣು ಸಾಯಲೆಂದು ಹಾಕುವ ಕ್ಲೋರಿನ್ ನೀರಿನಲ್ಲಿ ಎಷ್ಟು ಉಳಿದಿದೆ ಎಂದು ಬರೆಯುವ ಪುಸ್ತಕದಲ್ಲಿ ತಿಂಗಳ ಅಷ್ಟೂ ದಿನ 0.5 ಎಂದೇ ಬರೆದಿತ್ತು, ಒಂದೇ ಪೆನ್ನಿನಲ್ಲಿ. ಊರಿನ ಕೊನೆಯ ಮನೆಯ ನಲ್ಲಿಯಿಂದ ನೀರು ಹಿಡಿದು, ಬಣ್ಣ ನೋಡಿ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನ ಟ್ಯೂಬಿಗೆ ಹನಿ ಹಾಕಿದೆ. ಹಳದಿ ಬಣ್ಣ ಬರಲೇ ಇಲ್ಲ, ಅಂದರೆ ಕ್ಲೋರಿನ್ ಉಳಿದಿರಲಿಲ್ಲ. ಅದೇ ನೀರನ್ನು ಆ ಮನೆಯ ಅಜ್ಜಿ ಬಿಂದಿಗೆಗೆ ತುಂಬಿಸುತ್ತಿದ್ದರು.

ನೀರಿನ ಸುರಕ್ಷಾ ಯೋಜನೆ ಎಂದರೆ ಮೂಲದಿಂದ ಬಿಂದಿಗೆಯವರೆಗೆ ಎಲ್ಲೆಲ್ಲಿ ಕೊಳೆ ಸೇರಬಹುದು ಎಂದು ಮೊದಲೇ ಹುಡುಕಿ, ಅಲ್ಲಲ್ಲೇ ತಡೆಯುವುದು. ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ತನ್ನ ಕುಡಿಯುವ ನೀರಿನ ಮಾರ್ಗಸೂಚಿಯಲ್ಲಿ ಈ ಕ್ರಮ ಹೇಳಿತು. ಹಾಗಾದರೆ ಅಳೆಯಬೇಕಾದ್ದು ಏನು? ಹಾಕಿದ ತಡೆಗಳು ಇವತ್ತು ಕೆಲಸ ಮಾಡುತ್ತಿವೆಯಾ ಎಂಬುದನ್ನು. ಎಷ್ಟು ಸಭೆ ಆಯಿತು, ಎಷ್ಟು ಟೆಸ್ಟ್ ಮಾಡಿದೆವು ಎಂಬ ಲೆಕ್ಕದಿಂದ ಇದು ಗೊತ್ತಾಗುವುದಿಲ್ಲ.

ಮೊದಲು ಇಡೀ ಪೈಪ್‌ಲೈನ್ ಉದ್ದಕ್ಕೂ ನಡೆದು ನೋಡಿ. ನೀರುಗಂಟಿ ಜೊತೆಗೇ ಇರಬೇಕು, ಗುಂಡಿಯಲ್ಲಿ ಮುಚ್ಚಿಹೋದ ವಾಲ್ವ್ ಎಲ್ಲಿದೆ ಎಂದು ಅವರಿಗೆ ಮಾತ್ರ ಗೊತ್ತು. ಹೌದು–ಇಲ್ಲ ಎಂದು ಉತ್ತರಿಸುವ ಹತ್ತು ಪ್ರಶ್ನೆ ಬರೆದುಕೊಳ್ಳಿ: ಟ್ಯಾಂಕಿನ ಮುಚ್ಚಳ ತೆರೆದಿದೆಯಾ? ಪೈಪು ಚರಂಡಿಯೊಳಗೆ ಹಾದುಹೋಗಿದೆಯಾ? ಬೋರ್‌ವೆಲ್ ಕಟ್ಟೆ ಬಿರುಕು ಬಿಟ್ಟಿದೆಯಾ? ಮಲೆನಾಡಿನಲ್ಲಿ ಹಳ್ಳದಿಂದ ಗ್ರಾವಿಟಿ ನೀರು ತರುವವರು ಆ ಹತ್ತರೊಳಗೇ ಇದನ್ನೂ ಸೇರಿಸಿ: ಮೇಲ್ಗಡೆ ತೋಟದ ಪಲ್ಪರ್ ನೀರು (ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರು) ಹಳ್ಳಕ್ಕೆ ಬೀಳುತ್ತದಾ? ಹತ್ತರಲ್ಲಿ ಎಷ್ಟು 'ಹೌದು' ಬಂತೋ ಅದೇ ನಿಮ್ಮ ಆರಂಭದ ಅಂಕ, ಕಡಿಮೆಯಾದಷ್ಟೂ ಒಳ್ಳೆಯದು. ಮುಂದಿನ ಸಲವೂ ಇದೇ ಹತ್ತು ಪ್ರಶ್ನೆ ಕೇಳಬೇಕು. ಪ್ರಶ್ನೆ ಬದಲಿಸಿದರೆ ಹಳೆಯ ಅಂಕ ಸುಮ್ನೆ ವೇಸ್ಟ್.

ಪ್ರತಿ ತೊಂದರೆಗೆ ಒಂದು ತಡೆ, ಒಬ್ಬ ಹೊಣೆಗಾರ, ಒಂದು ಗಡುವು ಬರೆಯಿರಿ.

ಇನ್ನು ಜಾಸ್ತಿ ಜನ ಎಡವುವ ಜಾಗ: ತಡೆ ಕೆಲಸ ಮಾಡುತ್ತಿದೆ ಎಂದು ಅಳೆಯುವುದು. ಕ್ಲೋರಿನ್ನನ್ನೇ ತೆಗೆದುಕೊಳ್ಳೋಣ. ಟ್ಯಾಂಕಿನ ಕೆಳಗಿನ ನಲ್ಲಿಯಲ್ಲಿ ಟೆಸ್ಟ್ ಮಾಡಿದರೆ ಸಾಮಾನ್ಯವಾಗಿ ಚೆನ್ನಾಗೇ ಬರುತ್ತದೆ. ಕೊಳೆ ಸೇರುವುದು ದಾರಿಯಲ್ಲಿ, ಕ್ಲೋರಿನ್ ಮುಗಿಯುವುದೂ ದಾರಿಯಲ್ಲೇ. ಅದಕ್ಕೇ ಕೊನೆಯ ಮನೆಗೆ ಹೋಗಿ. ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎನ್ನುತ್ತದೆ ಕುಡಿಯುವ ನೀರಿಗೆ ನಮ್ಮ ದೇಶದ ಐಎಸ್ 10500 ಮಾನದಂಡ. ಪೈಪಿನಲ್ಲಿ ನಿಂತ ನೀರು ಹೋಗುವವರೆಗೆ ನಲ್ಲಿ ಬಿಟ್ಟು, ಆಮೇಲೆ ಟ್ಯೂಬ್ ತುಂಬಿಸಿ. ಟ್ಯೂಬನ್ನು ಅದೇ ನೀರಿನಲ್ಲಿ ಎರಡು ಸಲ ತೊಳೆದಿರಬೇಕು. ಹನಿ ಹಾಕಿದ ಕೂಡಲೇ ಬಣ್ಣ ಓದಿ. ಐದು ನಿಮಿಷ ಬಿಟ್ಟು ಓದಿದರೆ ಬೇರೆ ರೂಪದ ಕ್ಲೋರಿನ್ನೂ ಸೇರಿಕೊಂಡು ಹೆಚ್ಚು ತೋರಿಸುತ್ತದೆ. ನೆರಳಿನಲ್ಲಿ, ಹಿಂದೆ ಬಿಳಿ ಕಾಗದ ಹಿಡಿದು ನೋಡಿ. ಆಯ್ಕೆ ಇದ್ದರೆ ಗುಲಾಬಿ ಬಣ್ಣ ಬರುವ ಡಿಪಿಡಿ ಮಾತ್ರೆಯನ್ನೇ ಕೊಳ್ಳಿ. ಹಳದಿ ಬಣ್ಣದ ಆರ್ಥೊಟಾಲಿಡಿನ್ ದ್ರಾವಣ ಮೈಗೆ ಒಳ್ಳೆಯದಲ್ಲ. ಈಜುಕೊಳಕ್ಕೆಂದು ಮಾರುವ ಕಾಗದದ ಪಟ್ಟಿ ಬೇಡವೇ ಬೇಡ. 0.2 ಮತ್ತು ಸೊನ್ನೆಯ ನಡುವಿನ ವ್ಯತ್ಯಾಸ ಅದರಲ್ಲಿ ಸರಿಯಾಗಿ ತಿಳಿಯುವುದಿಲ್ಲ.

ಬಣ್ಣ ಬರದಿದ್ದರೆ ಮೊದಲು ಬ್ಲೀಚಿಂಗ್ ಪೌಡರ್ ಚೀಲ ನೋಡಿ. ಬಾಯಿ ಬಿಚ್ಚಿಟ್ಟ ಚೀಲ ನಮ್ಮ ಮಳೆಗಾಲದ ತಂಡಿಯಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತದೆ, ಗಟ್ಟಿಯಾಗಿ ಉಂಡೆ ಕಟ್ಟಿದ್ದನ್ನು ಬಳಸಬೇಡಿ. ಒಳ್ಳೆ ಪುಡಿಯಾದರೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ, ಅಂದರೆ 50,000 ಲೀಟರಿನ ಟ್ಯಾಂಕಿಗೆ 125 ಗ್ರಾಂ ಲೆಕ್ಕ. ನೀರು ಕೆಟ್ಟಷ್ಟೂ ಹೆಚ್ಚು ಬೇಕು. ಪುಡಿಯನ್ನು ನೇರ ಟ್ಯಾಂಕಿಗೆ ಸುರಿಯುವುದು ಕಣ್ಣಾರೆ ಕಂಡ ಅಭ್ಯಾಸ. ಹಾಗೆ ಮಾಡಬೇಡಿ, ಸುಣ್ಣ ತಳದಲ್ಲಿ ಕೂರುತ್ತದೆ. ಬಕೆಟಿನಲ್ಲಿ ಕಲಸಿ, ತಿಳಿಯಾದ ಮೇಲಿನ ನೀರನ್ನಷ್ಟೇ ಹಾಕಿ, ಅರ್ಧ ಗಂಟೆ ಕಳೆದ ಮೇಲೆ ನೀರು ಬಿಡಿ. ಕೆಸರು ನೀರಿಗೆ ಎಷ್ಟು ಕ್ಲೋರಿನ್ ಹಾಕಿದರೂ ನಂಬುವಂತಿಲ್ಲ. ಮೊದಲು ಸೋಸಬೇಕು.

ಬಯಲುಸೀಮೆಯ ಅರಸೀಕೆರೆ, ಕಡೂರು ಕಡೆಯವರು ಆಳದ ಬೋರ್‌ವೆಲ್ ನೀರಿನಲ್ಲಿ, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡನ್ನೂ ನೋಡಲೇಬೇಕು. ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5. ಕುದಿಸಿದರೂ ಕ್ಲೋರಿನ್ ಹಾಕಿದರೂ ಫ್ಲೋರೈಡ್ ಹೋಗುವುದಿಲ್ಲ.

ಈಗ ಪುಸ್ತಕ ಬರೆಯುವುದು. ತಿಂಗಳ ಸರಾಸರಿ ತೆಗೆಯಬೇಡಿ. ಒಂದು ದಿನ 1.0, ಇನ್ನೊಂದು ದಿನ ಸೊನ್ನೆ ಬಂದರೆ ಸರಾಸರಿ 0.5, ಆದರೆ ಸೊನ್ನೆಯ ದಿನ ನೀರು ಕುಡಿದವರಿಗೆ ಆ ಸರಾಸರಿಯಿಂದ ಏನು ಪ್ರಯೋಜನ? 'ಎಂಟು ಸಲ ನೋಡಿದೆವು, ಆರು ಸಲ ಸರಿ ಇತ್ತು' ಎಂದು ಬರೆಯಿರಿ. ತಪ್ಪಿದ ಎರಡು ದಿನ ಏನಾಗಿತ್ತು, ಕರೆಂಟ್ ಹೋಗಿತ್ತಾ, ಪೈಪ್ ಒಡೆದಿತ್ತಾ, ಅದನ್ನೂ ಬರೆಯಿರಿ. ತೊಂದರೆ ಕಂಡ ದಿನ ಮತ್ತು ಸರಿಯಾದ ದಿನ, ಎರಡೂ ಪಕ್ಕಪಕ್ಕ ಇರಲಿ. ಮೊದಲು ಇಪ್ಪತ್ತು ದಿನ ತೆಗೆದುಕೊಳ್ಳುತ್ತಿದ್ದ ರಿಪೇರಿ ಮೂರು ದಿನಕ್ಕೆ ಇಳಿದಿದ್ದರೆ ಯೋಜನೆ ನಿಜಕ್ಕೂ ನಡೆಯುತ್ತಿದೆ.

ಹೋಲಿಸುವಾಗ ಜುಲೈಯನ್ನು ಹೋದ ವರ್ಷದ ಜುಲೈ ಜೊತೆಗೇ ಹೋಲಿಸಿ. ಜನವರಿಯ ತಿಳಿನೀರಿನ ಜೊತೆ ಹೋಲಿಸಿದರೆ ಎಂಥ ಒಳ್ಳೆ ಯೋಜನೆಯೂ ಸೋತಂತೆ ಕಾಣುತ್ತದೆ, ಅಲ್ವಾ? ಪಲ್ಪಿಂಗ್ ಕಾಲಕ್ಕೂ ಬೇರೆ ಲೆಕ್ಕ ಇಡಿ.

ಕೊನೆಗೆ ಲ್ಯಾಬ್. ನೂರು ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ (ಮಲ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಒಂದೂ ಇರಬಾರದು. ಬಾಟಲಿಯನ್ನು ಲ್ಯಾಬಿನಿಂದಲೇ ತನ್ನಿ. ಕ್ಲೋರಿನ್ ಹಾಕಿದ ನೀರಿಗೆ ಬೇಕಾದ ಥಯೋಸಲ್ಫೇಟ್, ಅಂದರೆ ಉಳಿದ ಕ್ಲೋರಿನ್ನಿನ ಕೆಲಸ ನಿಲ್ಲಿಸುವ ರಾಸಾಯನಿಕ, ಅದರಲ್ಲಿರಬೇಕು, ಕೇಳಿ ಖಚಿತ ಮಾಡಿಕೊಳ್ಳಿ. ಮಿನರಲ್ ವಾಟರ್ ಬಾಟಲಿ ತೊಳೆದು ಹಿಡಿದರೆ ಫಲಿತಾಂಶ ನಂಬುವಂತಿಲ್ಲ. ಸ್ಯಾಂಪಲ್ಲನ್ನು ಐಸ್ ಡಬ್ಬಿಯಲ್ಲಿಟ್ಟು, ಸಾಧ್ಯವಾದರೆ ಆರು ಗಂಟೆಯೊಳಗೆ ತಲುಪಿಸಿ. ದೂರದ ಊರಿನವರು ಬೆಳಿಗ್ಗೆ ನೀರು ಹಿಡಿದು ಮೊದಲ ಬಸ್ಸಿಗೇ ಹೊರಡಿ.