ಚಹಾ ತಟ್ಟೆಯ ಮಣ್ಣಿನ ಕಪ್ಪೆಯನ್ನು ಸಾಕುವ ಬಗೆ

ಚೀನೀಯರು ಚಹಾ ತಟ್ಟೆಯ ಮೂಲೆಯಲ್ಲಿ ಕೂರಿಸುವ ಪುಟ್ಟ ಮಣ್ಣಿನ ಬೊಂಬೆಗೆ ‘ಚಾ ಛೊಂಗ್’ ಎಂದು ಹೆಸರು. ಚಹಾದ ಸಾಕುಪ್ರಾಣಿ ಎಂದು ಅದರ ಅರ್ಥ. ಅದನ್ನು ಅವರು ಬರಿದೇ ಇಟ್ಟುಕೊಳ್ಳುವುದಿಲ್ಲ, ಸಾಕುತ್ತಾರೆ. ಮಗಳ ಮನೆಯಲ್ಲಿ, ಸಿಂಗಪುರದಲ್ಲಿ, ಕೆಲವು ವರ್ಷ ಇದ್ದಾಗ, ಪಕ್ಕದ ಮನೆಯ, ಚೀನಾದ ಚಾವ್‌ಝೌ ಮೂಲದ ಅಜ್ಜಿಯೊಬ್ಬರು ಬಾಯಲ್ಲಿ ನಾಣ್ಯ ಕಚ್ಚಿದ ಮೂರು ಕಾಲಿನ ಕಪ್ಪೆಯೊಂದನ್ನು ನನ್ನ ಕೈಗಿತ್ತು, ಅದರ ಆರೈಕೆಯನ್ನೂ ಹೇಳಿಕೊಟ್ಟರು. ಕಪ್ಪೆಯ ಮುಖ ಮನೆಯೊಳಗೆ ಇರಬೇಕು, ಹೊರಗೆ ತಿರುಗಿದರೆ ದುಡ್ಡೂ ಹೊರಗೆ ಹೋಗುತ್ತದೆ ಎಂಬುದು ಅವರ ಮೊದಲ ಎಚ್ಚರಿಕೆಯಾಗಿತ್ತು. ಆ ಮಾತು ಹಾಗಿರಲಿ, ಉಳಿದವು ಮಾತ್ರ ಅನುಭವದಿಂದ ಬಂದವು.

ಒಳ್ಳೆಯ ಬೊಂಬೆಗಳು ಜಿಯಾಂಗ್ಸು ಪ್ರಾಂತ್ಯದ ಯಿಶಿಂಗ್‌ನವು. ತೈ ಸರೋವರದ ಪಶ್ಚಿಮಕ್ಕಿರುವ ಆ ಊರಿನ ‘ಝೀಶಾ’ ಎಂಬ ಮಣ್ಣಿನಲ್ಲಿ ಚಹಾ ಕುಡಿಕೆಗಳನ್ನೂ ಬೊಂಬೆಗಳನ್ನೂ ಮಾಡಿ, 1,100 ಡಿಗ್ರಿಗೂ ಮೀರಿದ ಶಾಖದಲ್ಲಿ ಸುಡುತ್ತಾರೆ. ಮೇಲೆ ಗಾಜಿನಂಥ ಹೊಳಪು ಲೇಪ ಹಚ್ಚುವುದಿಲ್ಲ. ಆದ್ದರಿಂದ ಮಣ್ಣಿನ ಸಣ್ಣ ರಂಧ್ರಗಳು ತೆರೆದೇ ಇದ್ದು, ದಿನವೂ ಸುರಿದ ಚಹಾವನ್ನು ಸ್ವಲ್ಪಸ್ವಲ್ಪವೇ ಹೀರಿಕೊಂಡು, ಕಾಲಕ್ರಮದಲ್ಲಿ ಬೊಂಬೆ ಒಳಗಿನಿಂದಲೇ ಮಿರುಗತೊಡಗುತ್ತದೆ. ಹೊಸ ದೋಸೆ ಕಾವಲಿಯನ್ನು ಪಳಗಿಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಲೇಪವಿರುವ ಪಿಂಗಾಣಿ ಬೊಂಬೆಯಾದರೆ ಒರೆಸಿಟ್ಟರೆ ಸಾಕು, ಅದು ಏನನ್ನೂ ಹೀರುವುದಿಲ್ಲ. ಬಿಸಿನೀರಿಗೆ ಬಣ್ಣ ಬದಲಿಸುವ ರಾಳದ ಬೊಂಬೆಗಳು ಮಕ್ಕಳ ಸಂತೋಷಕ್ಕೆ, ಅಷ್ಟೇ.

ಹೊಸ ಬೊಂಬೆಯನ್ನು ತಂದ ದಿನ, ಮೆತ್ತನೆಯ ಬ್ರಷ್ಷಿನಿಂದ ಬರಿ ನೀರಿನಲ್ಲಿ ತೊಳೆದು, ಪಾತ್ರೆಯ ತಳಕ್ಕೆ ಮಡಿಸಿದ ಬಟ್ಟೆ ಹಾಸಿ, ತಣ್ಣೀರಿನಲ್ಲಿ ಮುಳುಗಿಸಿ, ಸಣ್ಣ ಉರಿಯಲ್ಲಿ ಸುಮಾರು 20 ನಿಮಿಷ ಕಾಯಿಸಬೇಕು. ಕುದಿಯುವ ನೀರಿಗೆ ನೇರವಾಗಿ ಹಾಕಿದರೆ ಸೀಳು ಬಿಡುವ ಭಯವಿದೆ. ಒಲೆ ಆರಿಸಿದ ಮೇಲೂ ನೀರು ತಾನಾಗಿ ತಣಿಯುವವರೆಗೆ ಹೊರತೆಗೆಯಬಾರದು.

ದಿನನಿತ್ಯದ ಕ್ರಮ ಸರಳವಾಗಿದೆ. ಎಲೆಯನ್ನು ಮೊದಲ ಸಲ ತೊಳೆದು ಚೆಲ್ಲುವ ನೀರನ್ನೂ, ಲೋಟದಲ್ಲಿ ಉಳಿದ ಗುಟುಕನ್ನೂ ಬೊಂಬೆಯ ಮೇಲೆ ಸುರಿದು, ಬ್ರಷ್ಷಿನಿಂದ ಎಲ್ಲ ಕಡೆಗೂ ಸವರಬೇಕು. ಬ್ರಷ್ಷು ಇಲ್ಲದಿದ್ದರೆ ಬೆನ್ನು ಕಪ್ಪಾಗಿ ಹೊಟ್ಟೆ ಬಿಳಿಚಿಕೊಂಡು ಉಳಿಯುತ್ತದೆ. ಒಂದು ಬೊಂಬೆಗೆ ಒಂದೇ ಬಗೆಯ ಚಹಾ ಎಂದು ಅಜ್ಜಿ ಪಟ್ಟು ಹಿಡಿಯುತ್ತಿದ್ದರು. ಕಡು ಬಣ್ಣದ ಪು-ಅರ್ ಬೇಗ ಬಣ್ಣ ಕೊಡುತ್ತದೆ, ಊಲಾಂಗ್ ನಿಧಾನ. ಹಾಲು, ಸಕ್ಕರೆ, ಶುಂಠಿ ಬಿದ್ದ ನಮ್ಮ ಮನೆಯ ಚಹಾವನ್ನು ಮಾತ್ರ ಎಂದಿಗೂ ಸುರಿಯಬಾರದು, ಇರುವೆ ಮುತ್ತುತ್ತದೆ, ಹುಳಿ ವಾಸನೆ ಹಿಡಿಯುತ್ತದೆ.

ಕುಡಿದು ಮುಗಿದ ಮೇಲೆ ಮಾಡುವ ಕೆಲಸವೇ ಮುಖ್ಯವಾದುದು, ಹಲವರು ತಪ್ಪುವುದೂ ಅಲ್ಲಿಯೇ. ಚಹಾ ಹಾಗೆಯೇ ಒಣಗಿದರೆ ಹೊಳಪು ಬೇಗ ಬರುತ್ತದೆ ಎಂದು ಅವರು ತಿಳಿಯುತ್ತಾರೆ. ಹಾಗೆ ಕೂಡುವುದು ಹೊಳಪಲ್ಲ, ಜಿಡ್ಡು ಜಿಡ್ಡಾದ ಕಿಲುಬು. ಉಗುರಿನಿಂದ ಕೆರೆದರೆ ಎದ್ದು ಬರುತ್ತದೆ. ನಿಜವಾದ ಹೊಳಪು ಕೆರೆದರೆ ಬರುವುದಿಲ್ಲ. ಆದ್ದರಿಂದ ಪ್ರತಿಸಲವೂ ಬರಿ ಬಿಸಿನೀರಿನಿಂದ ತೊಳೆದು, ಮೆತ್ತನೆಯ ಹತ್ತಿಬಟ್ಟೆಯಲ್ಲಿ ಒರೆಸಿ, ತಟ್ಟೆಯಲ್ಲಿ ನಿಂತ ನೀರಿನಿಂದ ಎತ್ತಿ, ಗಾಳಿಯಾಡುವ ಕಡೆ ಇಡಬೇಕು. ಮಳೆಗಾಲದಲ್ಲಿ ಬೂಷ್ಟು ಕಂಡರೆ ಮೇಲೆ ಹೇಳಿದಂತೆ ಮತ್ತೊಮ್ಮೆ ಕಾಯಿಸಿ, ಪೂರ್ತಿ ಒಣಗಿಸಿದರೆ ಸಾಕು.

ಸಾಬೂನು, ಹುಣಸೆಹಣ್ಣು, ಸೀಗೆಪುಡಿ, ಎಣ್ಣೆ, ಇವು ಯಾವುವೂ ಹತ್ತಿರ ಸುಳಿಯಬಾರದು. ಹಿತ್ತಾಳೆ ಉಜ್ಜಿ ಬೆಳೆದ ಕೈ ನನ್ನದು. ಮೊದಲ ತಿಂಗಳಲ್ಲೇ ಆ ಕಪ್ಪೆಯನ್ನು ನಿಂಬೆ ಪರಿಮಳದ ಪಾತ್ರೆ ಸಾಬೂನಿನಲ್ಲಿ ತಿಕ್ಕಿ ಇಟ್ಟಿದ್ದೆ. ಮರುದಿನ ಬಿಸಿ ಚಹಾ ಸುರಿದಾಗ ಅದರ ಬೆನ್ನಿನ ಗುಳ್ಳೆಗಳ ನಡುವೆ ಸಣ್ಣ ನೊರೆ ಎದ್ದು, ತಟ್ಟೆಯೆಲ್ಲ ನಿಂಬೆ ನಿಂಬೆ ಎನ್ನತೊಡಗಿತು. ನೀರು ಬದಲಿಸುತ್ತ ಮೂರು ಸಲ ಕಾಯಿಸಿದ ಮೇಲೆ ವಾಸನೆ ಹೋಯಿತು. ಊರಿಗೆ ಮರಳಿದ ಮೇಲೆ ಕಾಡಿದ್ದು ಬೋರ್‌ವೆಲ್ಲಿನ ಗಡಸು ನೀರು: ಕಾಲುಗಳ ಸಂದಿಯಲ್ಲಿ ಬಿಳಿ ಪೊರೆ ಕಟ್ಟಿತು. ಈಗ ಫಿಲ್ಟರ್ ನೀರನ್ನೇ ಬಳಸುತ್ತೇನೆ.

ನೀರು ಚಿಮ್ಮುವ ಪುಟ್ಟ ಹುಡುಗನ ಬೊಂಬೆಯೊಂದುಂಟು. ಅದು ಒಳಗೆ ಟೊಳ್ಳು. ಮೊದಲು ಬಿಸಿನೀರಿನಲ್ಲಿ ಮುಳುಗಿಸಿದರೆ ಒಳಗಿನ ಗಾಳಿ ಹಿಗ್ಗಿ ಗುಳ್ಳೆಯಾಗಿ ಹೊರಬರುತ್ತದೆ. ಒಡನೆಯೇ ತಣ್ಣೀರಿಗೆ ಹಾಕಿದರೆ ಉಳಿದ ಗಾಳಿ ಕುಗ್ಗಿ ನೀರನ್ನು ಒಳಗೆಳೆಯುತ್ತದೆ. ಆಮೇಲೆ ತಲೆಯ ಮೇಲೆ ಕುದಿನೀರು ಸುರಿದಾಗ ಗಾಳಿ ಮತ್ತೆ ಹಿಗ್ಗಿ ನೀರನ್ನು ದೂರಕ್ಕೆ ಹಾರಿಸುತ್ತದೆ. ಶಾಖದ ಏರಿಳಿತ ಈ ಬೊಂಬೆಯ ಆಟದ ಭಾಗವೇ. ಬೇರೆ ಬೊಂಬೆಗಳಿಗೆ ಇದನ್ನು ಮಾಡಬಾರದು. ಚಿಮ್ಮದಿದ್ದರೆ ರಂಧ್ರವನ್ನು ಸಣ್ಣ ಸೂಜಿಯಿಂದ ಬಿಡಿಸಿ. ಒಳಗೆ ನೀರು ಉಳಿದರೆ ನಾರುತ್ತದೆ, ಬಸಿದು ಇಡಿ.

ಬೊಂಬೆಗೆ ಚಹಾ ಸುರಿಯುವುದು ನಿನ್ನೆ ಮೊನ್ನೆಯ ಹವ್ಯಾಸವಲ್ಲ. ಸಾವಿರ ವರ್ಷಕ್ಕೂ ಹಿಂದಿನ, ಚೀನಾದ ಟ್ಯಾಂಗ್ ಅರಸರ ಕಾಲದ ಬರಹವೊಂದರ ಪ್ರಕಾರ, ಗೊಂಗ್ ಎಂಬ ಕಡೆಯ ಕುಂಬಾರರು ಚಹಾದ ಮೇಲೆ ಗ್ರಂಥ ಬರೆದ ಲು ಯು ಅವರ ಬೊಂಬೆಗಳನ್ನು ಮಾಡಿ, ಹತ್ತಾರು ಚಹಾ ಪಾತ್ರೆ ಕೊಂಡವರಿಗೆ ಒಂದನ್ನು ಕೊಡುತ್ತಿದ್ದರು. ವ್ಯಾಪಾರ ಕುದುರದ ದಿನ ಅಂಗಡಿಯವರು ಪಾಪ, ಆ ಬೊಂಬೆಯ ತಲೆಯ ಮೇಲೆಯೇ ಚಹಾ ಸುರಿಯುತ್ತಿದ್ದರಂತೆ.

ನನ್ನ ಕಪ್ಪೆಯ ಒಂದು ಬೆರಳು ವಿಮಾನದ ಪೆಟ್ಟಿಗೆಯಲ್ಲಿ ಚಕ್ಕೆ ಎದ್ದಿತು. ಅಂಟು ಬಿಸಿಗೆ ನಿಲ್ಲದು, ಬಣ್ಣ ಹಚ್ಚಿದರೆ ರಂಧ್ರ ಮುಚ್ಚುತ್ತದೆ. ಆದ್ದರಿಂದ ಹಾಗೆಯೇ ಬಿಟ್ಟು, ದಿನವೂ ಆ ಜಾಗಕ್ಕೆ ಬ್ರಷ್ಷಿನಲ್ಲಿ ಎರಡು ಸಲ ಹೆಚ್ಚು ಚಹಾ ಸವರುತ್ತ ಬಂದಿದ್ದೇನೆ. ಎರಡು ವರ್ಷವಾಯಿತು, ಇಟ್ಟಿಗೆ ಬಣ್ಣದಲ್ಲಿದ್ದ ಗಾಯ ಕಂದಾಗಿದೆ, ಬೆನ್ನಿನಷ್ಟು ಇನ್ನೂ ಆಗಿಲ್ಲ.