ಪಿಕಲ್‌ಬಾಲ್ ಪಂದ್ಯಾವಳಿ: ಮೊದಲು ಗಂಟೆಗಳ ಲೆಕ್ಕ ಹಾಕಿ

ಕ್ಲಬ್ಬಿನಲ್ಲಿ ಪಿಕಲ್‌ಬಾಲ್ (ಪ್ಯಾಡಲ್ ಹಿಡಿದು, ತೂತುಗಳಿರುವ ಪ್ಲಾಸ್ಟಿಕ್ ಚೆಂಡನ್ನು ನೆಟ್ಟಿನಾಚೆ ಹೊಡೆಯುವ ಆಟ) ತಂಡ ಪಂದ್ಯಾವಳಿ ನಡೆಸಲು ಹೊರಟವರು ಟೀ ಶರ್ಟಿನ ಬಣ್ಣಕ್ಕಿಂತ ಮೊದಲು ಸಮಯದ ಲೆಕ್ಕ ನೋಡಿ. ಕಳೆದ ಸಲ ನಾವು ಎಂಟು ತಂಡಗಳನ್ನು ಸೇರಿಸಿಕೊಂಡು, ಎಲ್ಲರೂ ಎಲ್ಲರೊಂದಿಗೂ ಆಡಲಿ ಎಂದು ಉದಾರವಾಗಿ ಘೋಷಿಸಿದೆವು. 28 ಮುಖಾಮುಖಿ, ತಲಾ ಮೂರು ಪಂದ್ಯ, ಅಂದರೆ 84! ಇದ್ದದ್ದು ಎರಡೇ ಕೋರ್ಟು. ಕತ್ತಲಾದಾಗ ಅರ್ಧವೂ ಮುಗಿದಿರಲಿಲ್ಲ. ಕೊನೆಗೆ ಚೀಟಿ ಎತ್ತಿ ವಿಜೇತರನ್ನು ಆರಿಸಿದೆವು. ಆ ಕಪ್ಪನ್ನು ಗೆದ್ದವರೇ ಈಗಲೂ ಎಲ್ಲಿಯೂ ತೋರಿಸುವುದಿಲ್ಲ.

ನಾಲ್ಕು ತಂಡ ಸಾಕು. ಆರು ಮುಖಾಮುಖಿ, ಪ್ರತಿಯೊಂದರಲ್ಲೂ ಪುರುಷರ, ಮಹಿಳೆಯರ, ಮಿಶ್ರ ಡಬಲ್ಸ್. 11 ಅಂಕಗಳ ಒಂದೇ ಗೇಮ್, ಎರಡು ಅಂಕಗಳ ಅಂತರದ ಗೆಲುವು. ಪಂದ್ಯಕ್ಕೆ 20 ನಿಮಿಷ ಹಿಡಿದರೂ 18 ಪಂದ್ಯಗಳು ಎರಡು ಕೋರ್ಟುಗಳಲ್ಲಿ ಮೂರು ಗಂಟೆಗೆ ಮುಗಿಯುತ್ತವೆ. ಗೆಲುವು ಸಮವಾದರೆ ಅಂಕಗಳ ವ್ಯತ್ಯಾಸ ನೋಡಲಾಗುವುದು ಎಂದು ಮೊದಲೇ ಗೋಡೆಗೆ ಅಂಟಿಸಿಬಿಡಿ.

ಕೋರ್ಟು ಇಲ್ಲವೆಂದು ಕೊರಗಬೇಡಿ. ಪಿಕಲ್‌ಬಾಲ್ ಕೋರ್ಟಿನಂತೆಯೇ ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನ ಅಳತೆಯೂ 44 ಅಡಿ ಉದ್ದ, 20 ಅಡಿ ಅಗಲವೇ. ನೆಟ್ಟನ್ನು ಬದಿಗಳಲ್ಲಿ 36 ಇಂಚಿಗೆ, ಮಧ್ಯದಲ್ಲಿ 34 ಇಂಚಿಗೆ ಇಳಿಸಿ. ಆದರೆ ನೆಟ್ಟಿನಿಂದ ಏಳು ಅಡಿಗೆ ಟೇಪಿನಿಂದ ಹೊಸ ಗೆರೆ ಎಳೆಯಲೇಬೇಕು. ಬ್ಯಾಡ್ಮಿಂಟನ್ನಿನ ಸರ್ವಿಸ್ ಗೆರೆ ಇರುವುದು ಆರೂವರೆ ಅಡಿಗೆ. ಅದನ್ನೇ ನಂಬಿದರೆ ‘ಕಿಚನ್’ (ನೆಟ್ಟಿನ ಪಕ್ಕದ, ಚೆಂಡು ಪುಟಿಯುವ ಮೊದಲೇ ನಿಂತು ಹೊಡೆಯಬಾರದ ಜಾಗ) ಜಗಳ ಖಚಿತ.

ತಂಡ ಕಟ್ಟುವುದನ್ನು ಗೆಳೆಯರ ಗುಂಪಿಗೆ ಬಿಡದೆ, ಆಟಗಾರರನ್ನು ಮೂರು ದರ್ಜೆ ಮಾಡಿ ಚೀಟಿ ಎತ್ತಿ. ತಂಡಕ್ಕೊಬ್ಬ ಹೆಚ್ಚುವರಿ ಆಟಗಾರ ಇರಲಿ, ಭಾನುವಾರ ಬೆಳಿಗ್ಗೆ ಒಬ್ಬರಿಗಾದರೂ ಮದುವೆ ಊಟ ನೆನಪಾಗುತ್ತದೆ.