ಮೂರು ‘ಸ್ವಲ್ಪ ಜಾಸ್ತಿ’ ಒಂದೇ ಹಾಳೆಗೆ ಬಂದಾಗ

ನನ್ನ ಬಿಪಿ 134/86 ಇತ್ತು. ‘ಸ್ವಲ್ಪ ಜಾಸ್ತಿ’ ಅಂದರು. ಇನ್ನೊಂದು ಸಲ ರಕ್ತದಲ್ಲಿ ಓಡಾಡುವ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, 178. ಅದೂ ಸ್ವಲ್ಪ ಜಾಸ್ತಿ. ಆಮೇಲೆ ಖಾಲಿ ಹೊಟ್ಟೆಯ ಶುಗರ್ 108. ಒಂದೊಂದು ರಿಪೋರ್ಟ್ ಒಂದೊಂದು ಕವರಿನಲ್ಲಿ ಮಲಗಿತ್ತು. ಒಂದು ಭಾನುವಾರ ಸುಮ್ನೆ ಕೂತು ಎಲ್ಲವನ್ನೂ ಒಂದೇ ಹಾಳೆಗೆ ಇಳಿಸಿದಾಗ ಎದೆ ಧಸಕ್ಕೆಂದಿತು.

ನೀವೂ ಒಂದು ಹಾಳೆ ತಗೊಳ್ಳಿ. ಐದು ಸಾಲು ಸಾಕು. ಬಿಪಿಯ ಮೇಲಿನ ಅಂಕಿ 130 ಅಥವಾ ಕೆಳಗಿನದು 85 ಮುಟ್ಟಿದೆಯಾ? ಖಾಲಿ ಹೊಟ್ಟೆಯ ಶುಗರ್ 100 ಮುಟ್ಟಿದೆಯಾ? ಟ್ರೈಗ್ಲಿಸರೈಡ್ 150? ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆಯಾ? ಕೊನೆಯದು ಹೊಟ್ಟೆಯ ಸುತ್ತಳತೆ. ದಕ್ಷಿಣ ಏಷ್ಯಾ ಮೂಲದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಗಡಿ. ಐದರಲ್ಲಿ ಮೂರಕ್ಕೆ ಟಿಕ್ ಬಿದ್ದರೆ ಡಾಕ್ಟರು ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತಾರೆ. ಸಕ್ಕರೆ ಕಾಯಿಲೆಗೂ ಹೃದಯದ ತೊಂದರೆಗೂ ದಾರಿ ಇಲ್ಲೇ ಕೂಡುತ್ತದೆ.

ಟೇಪ್ ಹಿಡಿಯುವುದರಲ್ಲಿ ನಾನು ಮೋಸ ಮಾಡಿಕೊಂಡಿದ್ದೆ. ಪ್ಯಾಂಟಿನ ಸೈಜೇ ಹೊಟ್ಟೆಯ ಅಳತೆ ಅಂದುಕೊಂಡಿದ್ದೆ! ಪ್ಯಾಂಟು ಹೊಟ್ಟೆಯ ಕೆಳಗೆ ಕೂರುತ್ತದೆ, ಅಲ್ವಾ? ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಸುತ್ತಿ, ಉಸಿರು ಬಿಟ್ಟ ಮೇಲೆ ನೋಡಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಬಿಪಿ ನೋಡುವ ಮುಂಚೆ ಐದು ನಿಮಿಷ ಒರಗಿ ಕೂತು, ಪಾದ ನೆಲಕ್ಕಿಟ್ಟು, ಕೈಯನ್ನು ಎದೆಯ ಮಟ್ಟಕ್ಕೆ ಇಡಿ. ಮಾತು ಬೇಡ.

ಶುಗರ್ ಒಂದನ್ನೇ ನಂಬಬೇಡಿ. ಹೊಟ್ಟೆಯ ಒಳಗಿನ ಕೊಬ್ಬು ಹೆಚ್ಚಾದಾಗ ಇನ್ಸುಲಿನ್ ಮೊದಲಿನಷ್ಟು ನಾಟುವುದಿಲ್ಲ. ಮೇದೋಜೀರಕ ಗ್ರಂಥಿ ಇನ್ನಷ್ಟು ಸುರಿದು ಹೇಗೋ ಸರಿದೂಗಿಸುತ್ತದೆ. ಅದು ಸೋಲುವವರೆಗೆ ಶುಗರ್ ರಿಪೋರ್ಟ್ ಚೆನ್ನಾಗೇ ಕಾಣುತ್ತದೆ. ಅಷ್ಟರಲ್ಲಿ ಟ್ರೈಗ್ಲಿಸರೈಡ್ ಏರಿರಬಹುದು.

ಹಾಳೆಯ ಹಿಂದೆ ಇನ್ನೆರಡು ಬರೆಯಿರಿ: ಸಿಗರೇಟು, ಮತ್ತು ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಇರುವ ಕಾಯಿಲೆ. ಡಾಕ್ಟರಿಗೆ ತೋರಿಸಿ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಬೇಕಾ ಕೇಳಿ. 5.7ರಿಂದ 6.4 ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಹೊಸ್ತಿಲಲ್ಲಿದ್ದವರಿಗೆ 7% ತೂಕ ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಕೊಟ್ಟಿದ್ದರು. ಬರೀ ಹುಸಿ ಮಾತ್ರೆ ತಗೊಂಡವರಿಗೆ ಹೋಲಿಸಿದರೆ, ಅವರಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬರುವುದು 58% ಕಡಿಮೆಯಾಯಿತು.

ನನ್ನ ಹಾಳೆಯಲ್ಲಿ ಸುತ್ತಳತೆ 97ರಿಂದ 92ಕ್ಕೆ ಬಂದಿದೆ. ಎಚ್‌ಡಿಎಲ್ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಿಲ್ಲ.